ಛಾವಣಿಗೆ ಇಪ್ಪತ್ತೈದು

ಪೇಂಟರ್ ಜಿಮ್‌ಗೆ ಸೇರಿಕೊಂಡದ್ದು ಮೈ ಬೆಳೆಸುವುದಕ್ಕಲ್ಲ, ಛಾವಣಿ ಉಳಿಸಿಕೊಳ್ಳುವುದಕ್ಕೆ. ಐವತ್ತೆರಡರ ಆಸಾಮಿ, ಮೂವತ್ತು ವರ್ಷದಿಂದ ಛಾವಣಿಗೇ ಬಣ್ಣ ಬಳಿದವನು. ಗೋಡೆಯಲ್ಲಿ ತಪ್ಪಾದರೆ ಮುಂದೊಂದು ಕಪಾಟು ಇಟ್ಟು ಮುಚ್ಚಬಹುದು. ಛಾವಣಿಗೆ ಅಂಥ ಉಪಾಯವಿಲ್ಲ. ಬಳಿದ ಪಟ್ಟಿಯ ಅಂಚು ಹಸಿಯಾಗಿರುವಾಗಲೇ ಪಕ್ಕದ ಪಟ್ಟಿ ಸೇರಿಸಬೇಕು. ಕೈ ನೋವೆಂದು ನಡುವೆ ಹತ್ತು ನಿಮಿಷ ಕೂತರೆ ಅಂಚು ಒಣಗಿ ಗೆರೆ ಬೀಳುತ್ತದೆ. ಮರುದಿನ ಕಿಟಕಿಯ ಬೆಳಕಿಗೆ ಅದು ಎದ್ದು ಕಾಣುತ್ತದೆ.

ಕಳೆದ ವರ್ಷ ಎರಡು ಮನೆಗಳಲ್ಲಿ ಅಂಥ ಗೆರೆ ಬಿತ್ತು. ಎರಡನೆಯದನ್ನು ಕಂಡುಹಿಡಿದವನು ಬಾಮೈದ, ಹೆಂಡತಿಯ ತಮ್ಮ. ಈಗ ಕೆಲಸ ಹಿಡಿದು ಹಂಚುವವನು ಅವನೇ. ಅವನಿಗೆ ರೋಲರ್ ಹಿಡಿಯಲು ಕಲಿಸಿದವನು ಮಾತ್ರ ಪೇಂಟರ್. ಬಾಮೈದ ಜಗಳವಾಡಲಿಲ್ಲ. ಆರು ತಿಂಗಳಿಗೆ ಶಾಲೆಯ ಸಭಾಂಗಣದ ಕೆಲಸ ಬರಲಿದೆ, ಅಷ್ಟರೊಳಗೆ ಕೈ ಸರಿಹೋಗದಿದ್ದರೆ ಭಾವ ಗೋಡೆ ಉಜ್ಜಿಕೊಂಡಿರಲಿ ಎಂದು ಅಕ್ಕನ ಎದುರಿಗೇ ಹೇಳಿ ಹೋದ. ಸ್ಯಾಂಡ್‌ಪೇಪರ್ ಹಿಡಿದು ಗೋಡೆ ಉಜ್ಜುವುದು ಆ ಕಸುಬಿಗೆ ನಿನ್ನೆ ಮೊನ್ನೆ ಬಂದವರ ಕೆಲಸ. ಪೇಂಟರನಿಗೆ ಪಿತ್ತ ನೆತ್ತಿಗೇರಿತು. ಮಾರನೆಯ ಬೆಳಗ್ಗೆಯೇ ಜಿಮ್ಮಿನ ಬಾಗಿಲಲ್ಲಿ ನಿಂತಿದ್ದ.

ಮೊದಲ ಎರಡು ತಿಂಗಳು ಅವನು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲಕ್ಕಿಂತ ಭಾರದ್ದನ್ನು ಆರಿಸಿ, ಮೂರೇ ಸಲ ಎತ್ತಿ, ಇಡೀ ಕೋಣೆಗೆ ಕೇಳುವಂತೆ ಕುಕ್ಕುತ್ತಿದ್ದ. ಮೂರೆಂಬ ಲೆಕ್ಕವೂ ಕಸುಬಿನದೇ. ಒಂದು ಪ್ರೈಮರ್, ಎರಡು ಬಣ್ಣ, ಮೂರು ಕೋಟ್ ಬಳಿದರೆ ಗೋಡೆ ಮುಗಿಯುತ್ತದೆ, ಮೈಗೂ ಅಷ್ಟೇ ಸಾಕು ಎಂಬುದು ಮಹಾಶಯನ ತರ್ಕ. ಹೆಂಡತಿಯ ಮುಂದೆ ತೋಳು ಮಡಿಸಿ ತೋರಿಸಿದ್ದೂ ಆಯಿತು. ತೋಳೇನೋ ದಪ್ಪಗಾಗಿತ್ತು. ಆದರೆ ಆ ವಾರ ಸಿಕ್ಕ ಒಂದು ಮಲಗುವ ಕೋಣೆಯಲ್ಲಿ ಇಪ್ಪತ್ತೇ ನಿಮಿಷಕ್ಕೆ ಭುಜ ಉರಿದು, ರೋಲರಿನ ಕೋಲು ಕೆಳಗಿಳಿಯಿತು. ಮತ್ತೆ ಗೆರೆ. ಅವತ್ತು ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

ಜಿಮ್ಮು ನಡೆಸುವ ಮೇಡಂ ಅವನ ಕಥೆಯನ್ನೆಲ್ಲ ಕೇಳಿ, ಬಣ್ಣ ಮೆತ್ತಿದ ಕೋಲು ಎಷ್ಟು ತೂಕ, ಎಷ್ಟು ಹೊತ್ತು ಎತ್ತಿ ಹಿಡಿಯಬೇಕು ಎಂದು ವಿಚಾರಿಸಿದಳು. ಎರಡು ಕೇಜಿ ಇರಬಹುದು, ಮುಕ್ಕಾಲು ಗಂಟೆ ಎಂದ.

"ಮತ್ತೆ ಅರವತ್ತು ಕೇಜಿ ಯಾರಿಗೋಸ್ಕರ ಎತ್ತುತಾ ಇದೀರ ಅಣ್ಣ?"

ಪೇಂಟರನ ಮುಖ ಹುಳ್ಳಗಾಯಿತು. ಒಂದೇ ಏಟಿಗೆ ದೊಡ್ಡ ಭಾರ ಎತ್ತಬೇಕಾದವರಿಗೆ ಮೂರೋ ಐದೋ ಸಲ ಸಾಕು, ಮೈ ತುಂಬಬೇಕೆನ್ನುವವರು ಎಂಟರಿಂದ ಹನ್ನೆರಡು, ಬಹಳ ಹೊತ್ತು ಸೋಲದ ಕೈ ಬೇಕಾದರೆ ಹಗುರವಾದದ್ದನ್ನು ಇಪ್ಪತ್ತೈದು ಸಲ ಎಂದು ವಿವರಿಸಿ, ಅವಳು ನಾಲ್ಕು ಕೇಜಿಯ ಎರಡು ನೇರಳೆ ಡಂಬೆಲ್ ಕೈಗಿಟ್ಟಳು. ಪಕ್ಕದಲ್ಲಿ ನಿವೃತ್ತ ಟೀಚರಮ್ಮ ಅಂಥವನ್ನೇ ಎತ್ತುತ್ತಾ ಸೊಸೆಯ ಸುದ್ದಿ ಹೇಳುತ್ತಿದ್ದರು. ಹದಿನೆಂಟಕ್ಕೆ ಪೇಂಟರ್ ಡಂಬೆಲ್ ಕೆಳಗಿಟ್ಟ. ಟೀಚರಮ್ಮ ಇಪ್ಪತ್ತೈದನ್ನೂ ಸುದ್ದಿಯನ್ನೂ ಮುಗಿಸಿ ನೀರು ಕುಡಿದರು. ನಾಚಿಕೆಯಿಂದ ಭೂಮಿಗಿಳಿದು ಹೋದರೂ ಅವನು ಮರುದಿನ ಬಂದ. ಅದರ ಮರುದಿನವೂ ಬಂದ. ಹೀಗೆ ನಾಲ್ಕು ತಿಂಗಳು.

ಶಾಲೆಯ ಕೆಲಸ ಬಂತು, ಕೈ ನೋಡಿಯೇಬಿಡೋಣ ಎಂದು ಬಾಮೈದ ಭಾವನನ್ನೂ ಕರೆದ. ಸಭಾಂಗಣದ ಛಾವಣಿಯ ಅಗಲದಲ್ಲಿ ಅರ್ಧ ಇವನಿಗೆ, ಅರ್ಧ ಬಾಮೈದನಿಗೆ. ಇಬ್ಬರೂ ಒಂದೇ ವೇಗದಲ್ಲಿ ಹಿಂದೆ ಸರಿಯುತ್ತ ಬಳಿಯಬೇಕು. ಪೇಂಟರ್ ಮನಸ್ಸಿನಲ್ಲೇ ಇಪ್ಪತ್ತೈದು ಎಣಿಸಿ ಮತ್ತೆ ಒಂದರಿಂದ ಶುರುಮಾಡುತ್ತಿದ್ದ. ಅರ್ಧ ಗಂಟೆಯಾದರೂ ಭುಜ ಉರಿಯಲಿಲ್ಲ. ಆಗ ಪಕ್ಕದ ರೋಲರಿನ ಸದ್ದು ನಿಂತಿತು. ಬಾಮೈದನ ಕೋಲು ನೆಲಕ್ಕೆ ಊರಿತ್ತು. ಅವನು ಇನ್ನೊಮ್ಮೆ ಎತ್ತಲು ನೋಡಿದ, ಬಲಗೈ ಭುಜದಿಂದ ಮೇಲೆ ಏಳಲಿಲ್ಲ.

ಪೇಂಟರನಿಗೆ ಖುಷಿಯಾಯಿತು, ಮುಚ್ಚಿಡುವುದೇಕೆ. ಗೆರೆ ಬೀಳುವುದು ಬಾಮೈದನ ಪಾಲಿನಲ್ಲಿ, ಬೀಳಲಿ, ಅಕ್ಕನ ಮುಂದೆ ಅವನೇ ಹೇಳಿಕೊಳ್ಳಲಿ ಎನ್ನಿಸಿತು. ನಾಲ್ಕು ಉಸಿರಿನಷ್ಟು ಹೊತ್ತು ಹಾಗೇ ಅನ್ನಿಸಿತು. ಆಮೇಲೆ ತಲೆಯೆತ್ತಿ ನೋಡಿದರೆ, ಆಚೆಯ ಅಂಚಿನ ಹೊಳಪು ಮಂಕಾಗುತ್ತಿತ್ತು. ಮೂವತ್ತು ವರ್ಷದ ಕಣ್ಣು, ಅದನ್ನು ನೋಡಿಕೊಂಡು ಸುಮ್ಮನಿರಲು ಅವನಿಂದಾಗಲಿಲ್ಲ.

"ಆ ಕಡೆ ಸರಿ. ಬಣ್ಣದ ತಟ್ಟೆ ನನ್ನ ಹಿಂದೇನೇ ತಳ್ಕೊಂಡು ಬಾ" ಎಂದ.

ಇನ್ನುಳಿದ ಛಾವಣಿಯನ್ನು ಗೋಡೆಯಿಂದ ಗೋಡೆಗೆ ಅವನೊಬ್ಬನೇ ಓಡಾಡಿ ಬಳಿದ. ಬಾಮೈದ ಎಡಗೈಯಲ್ಲಿ ತಟ್ಟೆ ತಳ್ಳುತ್ತ ಹಿಂದೆ ಬಂದ. ಕೊನೆಯ ಪಟ್ಟಿ ಮುಗಿದಾಗ ಪೇಂಟರನ ಕೈ ಸೋತು ಮರಗಟ್ಟಿತ್ತು, ಆದರೆ ಛಾವಣಿಯಲ್ಲಿ ಎಲ್ಲೂ ಗೆರೆಯಿರಲಿಲ್ಲ.

ಬಾಮೈದ ನೆಲದ ಮೇಲೆ ಕೂತು ಭುಜ ನೀವಿಕೊಂಡ. ಎರಡು ವರ್ಷದಿಂದ ಹೀಗೇ, ಯಾರಿಗೂ ಹೇಳಿಲ್ಲ ಎಂದು ತಲೆ ತಗ್ಗಿಸಿಯೇ ಹೇಳಿದ. ಪೇಂಟರ್ ಅವನ ಪಕ್ಕ ಕೂತ. ಪಾಪ ಅನ್ನಿಸಿತು.

"ಭಾವ, ಆ ಜಿಮ್ಮು ಎಷ್ಟು ಹೊತ್ತಿಗೆ ತೆಗೀತಾರೆ?"

"ಆರಕ್ಕೆ. ಮೊದಲನೇ ವಾರ ಸ್ವಲ್ಪ ನಾಚಿಕೆ ಆಗುತ್ತೆ, ನಾನು ಪಕ್ಕದಲ್ಲೇ ಇರ್ತೀನಿ ಬಾ."