ಏಳು ಪದರದ ಮೇಜು

ಚಳಿ ಹಿಂದೆ ಸರಿದು ಶೆಡ್ಡಿನ ತಗಡು ಮತ್ತೆ ಕಾಯತೊಡಗಿದ ದಿನಗಳು. ಒಂದು ಸೋಮವಾರ, ಬೆಳಗಿನ ಎಂಟು ಗಂಟೆ. ಬಡಗಿ ಅಂಕುಡೊಂಕು ಅಂಚಿನ ಎರಡು ಹಲಗೆಗಳನ್ನು ಎದುರುಬದುರು ಮಲಗಿಸಿ, ನಡುವೆ ಗೇಣಗಲ ಜಾಗ ಬಿಟ್ಟು, ಸುತ್ತ ಚೌಕಟ್ಟು ಬಿಗಿದ. ಆ ಜಾಗಕ್ಕೆ ಎಪಾಕ್ಸಿ ಸುರಿಯಬೇಕು. ಜೇನಿನ ಹಾಗೆ ಇಳಿಯುವ ಅಂಟು ಅದು. ಗಾಜಿನಂತೆ ಗಟ್ಟಿಯಾದರೆ ಎರಡು ಹಲಗೆ ಸೇರಿ ಒಂದು ಮೇಜು. ಕಬ್ಬಿಣದ ಕಾಲು ಅವನ ತಂಗಿಯ ಕೆಲಸ. ಮೂವತ್ತು ವರ್ಷದಿಂದ ಆ ಶೆಡ್ಡಿನಲ್ಲಿ ಮರ ಅವನದು, ವೆಲ್ಡಿಂಗು ಅವಳದು.

ಐವತ್ತೆರಡನೇ ವಯಸ್ಸಿಗೆ ತಂಗಿ ಮದುವೆಯಾಗಿದ್ದಳು. ಗಂಡ ದೂರದೂರಿನ ಬಸ್ ಡ್ರೈವರು. ಈ ಮೇಜು ಅವರ ಹೊಸ ಮನೆಗೆ; ಮುಗಿದ ಕೂಡಲೇ ಅದರ ಜೊತೆಗೇ ಬರುತ್ತೇನೆ ಎಂದು ಅವನಿಗೆ ಮಾತು ಕೊಟ್ಟಿದ್ದಳು. ಬಾಯಲ್ಲಿ ಒಳ್ಳೇದಾಯ್ತು ಎಂದ ಅಣ್ಣನಿಗೆ ಒಳಗೊಳಗೇ ಒಂದು ಆಸೆ: ಈ ಮೇಜು ಮುಗಿಯದೇ ಇದ್ದರೆ?

"ಒಂದೇ ಸಲ ಸುರಿದ್ರೆ ಕಾದು, ಹೊಗೆಯಾಡಿ, ಬಿರುಕು ಬಿಡುತ್ತೆ. ಪದರ ಪದರವಾಗಿ ಹಾಕ್ಬೇಕು," ಎಂದ. ಅದು ನಿಜವೇ. ಆದರೆ ಅವನು ಸೆಟ್ ದೋಸೆಗಿಂತ ತೆಳ್ಳಗೆ ಸುರಿದ. ಒಂದೊಂದು ಪದರ ಗಟ್ಟಿಯಾಗಲು ಮೂರು ದಿನ.

"ಇನ್ನೂ ಆಗಿಲ್ವಾ ಅಣ್ಣ? ನಮ್ಮನೆಯವರು ದಿನಾ ಫೋನ್ ಮಾಡ್ತಾರೆ."

"ಆತುರಗಾರನಿಗೆ ಬುದ್ಧಿ ಮಟ್ಟ ಕಣೇ. ಆ ಹಾರ್ನಪ್ಪನ್ನ ಕೇಳು, ಅವನ ಬಸ್ಸು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದೆ ಅಂತ."

ತಂಗಿ ನಕ್ಕು ವೆಲ್ಡಿಂಗಿಗೆ ಮರಳಿದಳು.

ಏಳನೆಯ ಪದರದ ಮೇಲೆ ಸುರಿಯಲು ಜಾಗ ಉಳಿಯಲಿಲ್ಲ. ಚೌಕಟ್ಟು ಬಿಚ್ಚಿ ಅಂಚು ಉಜ್ಜಿದಾಗ ಪದರಗಳ ನಡುವೆ ಕೂದಲೆಳೆಯಂಥ ಗೆರೆಗಳು ಕಂಡವು. ತಂಗಿ ಬೆರಳಿಟ್ಟು ಎಣಿಸಿದಳು.

"ಆರು ಗೆರೆ. ಅಂದ್ರೆ ಏಳು ಪದರ. ಮೂರು ಸಾಕು ಅಂತ ಡಬ್ಬದ ಮೇಲೆ ಬರೆದಿದೆಯಲ್ಲ?"

"ನಂಗೆಲ್ಲಿ ಓದೋಕೆ ಬರುತ್ತೆ?"

"ಡಬ್ಬ ತಂದ ದಿನಾನೇ ನಾನು ಓದಿ ಹೇಳಿದ್ದೆ."

ಅಣ್ಣ ಉಜ್ಜಿದ್ದನ್ನೇ ಮತ್ತೆ ಉಜ್ಜತೊಡಗಿದ. ತಂಗಿ ಹೋಗಿ ಕಾಲುಗಳನ್ನು ತಂದಳು.

ಮೇಜನ್ನು ಬೋರಲು ಹಾಕಿದರು. ಕಾಲಿನ ಪಟ್ಟಿಗಳಲ್ಲಿ ಅವಳು ಕೊರೆದ ತೂತುಗಳು ಗುಂಡಗಿರಲಿಲ್ಲ, ಉದ್ದಕ್ಕಿದ್ದವು. ಅವನು ಎಂಟೂ ಬೋಲ್ಟುಗಳನ್ನು ಹಲ್ಲು ಕಚ್ಚಿ ಬಿಗಿದ. ಕೊನೆಯದು ಕಿರ್ರೆಂದಾಗ ತಂಗಿ ಅವನ ಕೈಮೇಲೆ ಕೈಯಿಟ್ಟಳು.

"ಇಷ್ಟು ಬಿಗಿಯಾ? ಮರ ಹಿಗ್ಗುತ್ತೆ, ಕುಗ್ಗುತ್ತೆ, ಅಲ್ಲಾಡೋಕೆ ಬಿಡದಿದ್ರೆ ಸೀಳಿ ಹೋಗುತ್ತೆ ಅಂತ ಹೇಳ್ಕೊಟ್ಟೋನು ನೀನೇ. ಅದಕ್ಕೇ ತೂತು ಉದ್ದ ಮಾಡಿರೋದು."

ಅವನು ಸ್ಪ್ಯಾನರನ್ನು ಮತ್ತೆ ಮೊದಲ ಬೋಲ್ಟಿಗೆ ಕೂರಿಸಿದ. ಆಮೇಲೆ ಒಂದೊಂದೇ ಬೋಲ್ಟನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದ. ಎಂಟನೆಯದು ಮುಗಿದಾಗ ಮುಖವೆತ್ತದೆ ಕೇಳಿದ:

"ಬುಧವಾರಕ್ಕೆ ಟೆಂಪೋ ಹೇಳ್ಲಾ?"

"ಹೇಳು."

ಮೇಜಿಗೆ ಹಳೆಯ ಕಂಬಳಿ ಸುತ್ತಿಕೊಟ್ಟವನು ಅವನೇ. ತಂಗಿ ಬುಧವಾರ ಹೋದಳು.