ಮಾರ್ಕೊ ಹೊಡೆಯದ ಗೋಲು

೧೯೭೪ರ ಆರಂಭದಲ್ಲಿ, ಅಡಿಲೇಡಿನ ಸ್ಯಾಲಿಸ್‌ಬರಿಯ ಕ್ಲಿನಿಕ್ಕಿನಲ್ಲಿ ಡಾಕ್ಟರ್ ರುಕ್ಮಿಣಿ ಇಪ್ಪತ್ತೆರಡರ ಮಾರ್ಕೊನ ಎದೆಗೆ ಸ್ಟೆತಸ್ಕೋಪ್ ಇಟ್ಟು, "ನಿನ್ನ ಹೃದಯ ಸರಿಯಿಲ್ಲ. ಇನ್ನು ಆಡಬೇಡ" ಎಂದಿದ್ದರು. ರಾಷ್ಟ್ರೀಯ ಫುಟ್‌ಬಾಲ್ ತಂಡದ ಹೊಸ್ತಿಲಲ್ಲಿ ನಿಂತಿದ್ದ ತರುಣ ಅಂಗಿ ತೊಟ್ಟು ಎದ್ದುಹೋದ.

ಆ ವರ್ಷ ಆಸ್ಟ್ರೇಲಿಯಾ ಮೊದಲ ಬಾರಿಗೆ ವಿಶ್ವಕಪ್ ಆಡಿತು. ಮೂರು ಪಂದ್ಯಗಳಲ್ಲಿ ಒಂದು ಗೋಲೂ ಹೊಡೆಯದೆ ಮರಳಿತು. ಕೊನೆಯ ಪಂದ್ಯದ ಮರುದಿನವೇ ಕ್ಲಿನಿಕ್ಕಿಗೆ ಮಾರ್ಕೊನ ಫೋನು ಬಂತು. "ಡಾಕ್ಟರ್, ನಾನಿದ್ದಿದ್ದರೆ ಒಂದು ಗೋಲು ಹೊಡೆಯುತ್ತಿದ್ದೆ." ಅಷ್ಟೇ ಹೇಳಿ ಇಟ್ಟುಬಿಟ್ಟ. ಎಪ್ಪತ್ತೇಳರಲ್ಲಿ, ಎಂಬತ್ತೊಂದರಲ್ಲಿ ತಂಡ ಅರ್ಹತಾ ಸುತ್ತಿನಲ್ಲೇ ಸೋತಾಗಲೂ ಅದೇ ದನಿ, ಅದೇ ಮಾತು. ಅವನು ಗಟ್ಟಿಮುಟ್ಟಾಗಿಯೇ ಇದ್ದ. ತಾನು ಕೇಳಿಸಿಕೊಂಡದ್ದೇ ತಪ್ಪೇನೋ ಎಂಬ ಅನುಮಾನ ರುಕ್ಮಿಣಿಯವರನ್ನು ಹಿಡಿದದ್ದು ಬಿಡಲಿಲ್ಲ.

ಎಂಬತ್ತೈದರಲ್ಲಿ ಸ್ಕಾಟ್ಲೆಂಡಿನ ಎದುರು ತಂಡ ಮತ್ತೆ ಗೋಲಿಲ್ಲದೆ ಹೊರಬಿತ್ತು. ಫೋನು ಬರಲಿಲ್ಲ. ನಾಲ್ಕನೆಯ ದಿನ ಮಾರ್ಕೊನ ಹೆಂಡತಿ ಬಂದಳು. ಪಂದ್ಯದ ಮರುದಿನ ಅವನು ಮಗಳೊಂದಿಗೆ ಪಾರ್ಕಿನಲ್ಲಿ ಚೆಂಡಿನ ಹಿಂದೆ ಓಡುತ್ತ ಕುಸಿದುಬಿದ್ದು ತೀರಿಕೊಂಡಿದ್ದ.

"ನೀವು ಹೇಳಿದ್ದೇ ನಿಜವಾಯಿತು, ಡಾಕ್ಟರ್," ಎಂದಳು.

ಮನೆಯಲ್ಲಿ ಗಂಡ ವೇಣುಗೋಪಾಲ ಸಮಾಧಾನ ಹೇಳಿದರು. "ನಿನ್ ಡಯಾಗ್ನೋಸಿಸ್ ಸರಿಯಾಗೇ ಇತ್ತಲ್ಲ, ರುಕ್ಕು?"

"ತಪ್ಪಾಗಿರ್ಲಿ ಅಂತ ಹನ್ನೊಂದು ವರ್ಷದಿಂದ ಬೇಡ್ಕೋತಿದ್ದೆ ಕಣ್ರೀ."

ಅಂದಿನಿಂದ ಯಾರ ಎದೆಗೆ ಕಿವಿಗೊಟ್ಟರೂ ಅವರಿಗೆ ಮೊದಲು ಕೇಳಿಸುತ್ತಿದ್ದುದು ಮಾರ್ಕೊನ ತಪ್ಪುಬಡಿತ. ಅದು ಅಡಗುವವರೆಗೆ ಕಾದು, ಆಮೇಲೆ ಎದುರಿಗಿದ್ದವರದನ್ನು ಎಣಿಸುತ್ತಿದ್ದರು.