ಹೂವು ಬಲಕ್ಕೆ ಬಿತ್ತು

ನಾನು ಒಂದು ಸ್ಟ್ಯಾಂಡ್ ಫ್ಯಾನು. ಹುಟ್ಟಿದ್ದು ಊರಾಚೆಯ ತಗಡಿನ ಶೆಡ್ಡೊಂದರಲ್ಲಿ. ಒಬ್ಬರು ತಂತಿ ಸುತ್ತಿದರು, ಒಬ್ಬರು ರೆಕ್ಕೆ ಜೋಡಿಸಿದರು, ಕೊನೆಗೆ ಒಬ್ಬಾಕೆ ನನ್ನ ಕುತ್ತಿಗೆಗೆ ಹಲ್ಲಿನ ಚಕ್ರ ಕೂರಿಸಿ ಗುಂಡಿ ಒತ್ತಿದಳು. ಅಂದಿನಿಂದ ತಲೆಯಾಡಿಸುವುದೇ ನನ್ನ ಕಸುಬು. ಕೋಲೆ ಬಸವ ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತದೆ. ನನ್ನದು ಅಡ್ಡಡ್ಡ, ಎಲ್ಲದಕ್ಕೂ ಊಹೂಂ. ಯಾರ ಮುಖವನ್ನೂ ನೆಟ್ಟಗೆ ನೋಡಲಿಕ್ಕೆ ನನ್ನಿಂದಾಗದು. ಇನ್ನೇನು ಗುರುತು ಹಿಡಿದೆ ಅನ್ನುವಷ್ಟರಲ್ಲಿ ಕತ್ತು ಆಚೆಗೆ ಹೊರಟಿರುತ್ತದೆ.

ನನ್ನನ್ನು ಕೊಂಡವನು ಹೊಸದುರ್ಗದ ಬಟ್ಟೆ ಅಂಗಡಿಯ ಚನ್ನವೀರಪ್ಪ. ಗಿರಾಕಿಗಳಿಗೆ ಸೀರೆ ಹರಡುವಾಗ ನಾನು ಸೆರಗು ಹಾರಿಸಬೇಕು, ಸೀರೆ ಹಗುರವಾಗಿದೆ ಎಂದು ಅವನು ಹೇಳಬೇಕು. ಸುಖವಾಗಿದ್ದೆವು. ಆಮೇಲೆ ಅವನ ಹೆಂಡತಿ ಸರ್ವಮಂಗಳಾಗೆ ಎದೆಯಲ್ಲಿ ಗಂಟು ಸಿಕ್ಕಿತು. ಕ್ಯಾನ್ಸರ್ ಎಂದರು. ನನ್ನನ್ನು ಅಂಗಡಿಯಿಂದ ಎತ್ತಿಕೊಂಡು ಹೋಗಿ ಆಕೆಯ ಮಂಚದ ಪಕ್ಕ ನಿಲ್ಲಿಸಿದರು. ಆಪರೇಷನ್ ಆಯಿತು, ಕೀಮೋ ಆಯಿತು, ರೇಡಿಯೇಷನ್ನಿನ ಕರೆಂಟು ಕೊಡುವುದೂ ಆಯಿತು. ಕರೆಂಟು ಅಂದರೆ ನನಗೆ ಅನ್ನ. ಅದೇ ಹೆಸರಿನದೊಂದು ಆಕೆಯ ಚರ್ಮವನ್ನು ಕಪ್ಪಗೆ ಸುಟ್ಟಿದ್ದು ನೋಡಿ ನನಗೆ ನಿಜವಾಗಿ ಸಂಕಟವಾಯಿತು.

ಆಕೆ ಚೇತರಿಸಿಕೊಂಡಳು. ಹೆಂಡತಿ ಉಳಿದರೆ ಗುಡಿಗೆ ಫ್ಯಾನು ಕೊಡುತ್ತೇನೆಂದು ಚನ್ನವೀರಪ್ಪ ಚೌಡಮ್ಮನಿಗೆ ಹರಕೆ ಹೊತ್ತಿದ್ದನಂತೆ. ಹೊಸ ಫ್ಯಾನು ಅಂದಿದ್ದನೋ ಬರೀ ಫ್ಯಾನು ಅಂದಿದ್ದನೋ, ಅದು ಅವನಿಗೂ ಅಮ್ಮನಿಗೂ ಬಿಟ್ಟ ಮಾತು. ನನ್ನ ಕಂಬದ ಮೇಲೆ ಕೆಂಪು ಬಣ್ಣದಲ್ಲಿ ತನ್ನ ಹೆಸರು ಬರೆಸಿ, ಗುಡಿಯಲ್ಲಿ ಅಮ್ಮನ ಮುಂದೆ ನಿಲ್ಲಿಸಿ ಕೈಮುಗಿದ. ಪೂಜಾರಿ ಕೆಂಚಪ್ಪ ನನಗೂ ಒಂದು ಚಿಟಿಕೆ ಭಂಡಾರ ಹಚ್ಚಿದ.

ಆ ಗುಡಿಯಲ್ಲಿ ಜನ ಅಮ್ಮನ ಹತ್ತಿರ ಪ್ರಸಾದ ಕೇಳುತ್ತಾರೆ. ಮನೆ ಕೊಳ್ಳಲೋ ಬೇಡವೋ, ಹೆಣ್ಣು ಕೊಡಲೋ ಬೇಡವೋ. ಕೆಂಚಪ್ಪ ಹೂವನ್ನು ಒದ್ದೆ ಮಾಡಿ ಅಮ್ಮನ ಹಣೆಯ ಮೇಲೆ ಅಂಟಿಸುತ್ತಾನೆ. ಬಲಕ್ಕೆ ಬಿದ್ದರೆ ಕೇಳಿದ್ದಕ್ಕೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಹೂ ಅಂಟಿಸುವ ಮೊದಲು ಅವನು ಮಾಡುವ ಕೆಲಸ ನನ್ನನ್ನು ಆರಿಸುವುದು. ನನ್ನ ಗಾಳಿಗೆ ಹೂವು ಬೀಳಬಾರದು, ಅದು ನ್ಯಾಯವೇ.

ಸರ್ವಮಂಗಳಾ ಆಗಾಗ ಬರುತ್ತಿದ್ದಳು. ಮೈ ತುಂಬಿಕೊಂಡಿತ್ತು, ಜಡೆ ಹೆಣೆಯುವಷ್ಟು ಕೂದಲೂ ಬೆಳೆದಿತ್ತು. ಆದರೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಆಗಬೇಕು. ಅದು ಹತ್ತಿರ ಬಂದರೆ ಆಕೆಯ ಎದೆಯಲ್ಲಿ ಅವಲಕ್ಕಿ ಕುಟ್ಟಲು ಶುರು. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು, ಪ್ರದಕ್ಷಿಣೆ ಹಾಕುತ್ತಾ ಎಷ್ಟಾಯಿತೆಂದು ಮರೆಯುವಳು.

ಈ ಬೇಸಿಗೆಯಲ್ಲಿ ಗಂಡನ ಜೊತೆ ಬಂದು, ಸ್ಕ್ಯಾನನ್ನು ಮಳೆಗಾಲದವರೆಗೆ ಮುಂದೆ ಹಾಕುತ್ತೇನೆಂದು ಹೇಳಿದಳು. ನೋವಿಲ್ಲ, ನಿಶ್ಶಕ್ತಿ ಇಲ್ಲ, ಸುಮ್ಮನಿರುವುದನ್ನು ಕೆರೆದು ಹುಣ್ಣು ಮಾಡಿಕೊಳ್ಳುವುದೇಕೆ ಎಂಬುದು ಆಕೆಯ ವಾದ. ಡಾಕ್ಟರನ್ನು ಕೇಳಿದರೆ, ಒಂದೆರಡು ವಾರ ತಡವಾದರೆ ನಡೆಯುತ್ತದೆ, ತಿಂಗಳುಗಟ್ಟಲೆ ಬೇಡ, ಆದರೂ ನಿಮ್ಮಿಷ್ಟ ಎಂದಿದ್ದರಂತೆ. ಅಡ್ಡಗೋಡೆಯ ಮೇಲೆ ದೀಪ. ಚನ್ನವೀರಪ್ಪನಿಗೆ ಹೋಗಿಬರುವುದೇ ಸರಿ ಅನಿಸಿತ್ತು. ಆದರೆ ಹೆಂಡತಿಯ ಮುಖ ನೋಡಿ ಒತ್ತಾಯಿಸುವ ಧೈರ್ಯ ಬರಲಿಲ್ಲ. ಅಮ್ಮನನ್ನೇ ಕೇಳಿಬಿಡು ಎಂದು ಅಂಗಡಿಗೆ ಹೋದ.

ಮುಂದೆ ಹಾಕಬಹುದಾದರೆ ಬಲಕ್ಕೆ ಕೊಡು ತಾಯಿ ಎಂದು ಆಕೆ ಬೇಡಿಕೊಂಡಳು. ಕೆಂಚಪ್ಪ ಹೂ ಅಂಟಿಸಿದ. ಅವತ್ತು ಎಂಥ ಸೆಖೆ ಎಂದರೆ, ನನ್ನನ್ನು ಆರಿಸುವುದು ಅವನಿಗೆ ಮರೆತೇಹೋಗಿತ್ತು. ನನಗೆ ಕೂಗಲು ಬಾಯಿಲ್ಲ. ತಲೆ ಅತ್ತ ತಿರುಗಿತು, ಇತ್ತ ಬಂತು, ಹೂವು ಬಲಕ್ಕೆ ಬಿತ್ತು.

ಆಕೆಯ ಮುಖ ಅರಳಿದ್ದನ್ನು ನೋಡಿ ನನಗೆ ಹೆದರಿಕೆಯಾಯಿತು. ಕೆಂಚಪ್ಪ ನನ್ನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ.

"ಫ್ಯಾನು ಆರ್ಸಿರ್ಲಿಲ್ಲ ಕಣವ್ವ. ಇದು ಲೆಕ್ಕಕ್ಕಿಲ್ಲ."

"ಗಾಳೀಲಿ ಅಮ್ಮ ಇರಲ್ವಾ ಪೂಜಾರಪ್ಪ?" ಎಂದಳು ಆಕೆ. ಅವನು ನನ್ನನ್ನು ಆರಿಸಿ, ಬೇರೆ ಹೂವು ಅಂಟಿಸಿದ.

ಈ ಹೂವು ಬೀಳಲಿಲ್ಲ. ಕೆಂಚಪ್ಪ ಗಂಟೆ ಬಾರಿಸಿದ, ಅಮ್ಮನನ್ನು ಹೊಗಳಿದ, ಆಮೇಲೆ ಸಲಿಗೆಯಿಂದ ಗದರಿದ. ಹೂವು ಅಲ್ಲಾಡಲಿಲ್ಲ. ಸರ್ವಮಂಗಳಾ ಮೊದಲು ಕೈಮುಗಿದು ನಿಂತಿದ್ದಳು. ಆಮೇಲೆ ಕೂತಳು, ಎದ್ದಳು, ಕಂಬಕ್ಕೆ ಒರಗಿದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. ಬೆವರು ಕಿವಿಯ ಪಕ್ಕದಿಂದ ಇಳಿಯುತ್ತಿತ್ತು. ನನಗೋ ಬೀಸಲಾಗದ ಒದ್ದಾಟ.

ಕೊನೆಗೆ ಆಕೆ ಬಾಗಿಲಾಚೆ ಹೋಗಿ ಚಪ್ಪಲಿ ಮೆಟ್ಟಿದಳು. "ಮಳೆಗಾಲದ ತನಕ ದಿನಾ ಹಿಂಗೇ ಕಾಯ್ಬೇಕಾಗ್ತದೆ ಪೂಜಾರಪ್ಪ. ನನ್ನ ಕೈಲಾಗಲ್ಲ. ಹೋಗಿ ಮಾಡಿಸ್ಕೊಂಡು ಬರ್ತೀನಿ."

ಆಕೆ ಬೀದಿಯ ತಿರುವು ದಾಟಿದ್ದಳೋ ಇಲ್ಲವೋ, ಹೂವು ಬಿತ್ತು. ಬಲಕ್ಕೆ. ನಾನು ಆರಿದ್ದೆ, ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ. ಕೆಂಚಪ್ಪ ಅದನ್ನೇ ನೋಡುತ್ತಾ ನಿಂತುಬಿಟ್ಟ.

ಸಂಜೆ ಚನ್ನವೀರಪ್ಪ ಓಡೋಡಿ ಬಂದ. ಹೆಂಡತಿಯ ಮನಸ್ಸು ಮತ್ತೆ ಡೋಲಾಯಮಾನ. ಹೂವು ಕೊನೆಗೆ ಯಾವ ಕಡೆ ಬಿತ್ತೆಂದು ಕೇಳಿಕೊಂಡು ಬರಲು ಕಳಿಸಿದ್ದಾಳೆ. ಕೆಂಚಪ್ಪ ಮಂಗಳಾರತಿ ತಟ್ಟೆ ಉಜ್ಜುತ್ತಿದ್ದ. ಅವನು ಹೂವಿನ ವಿಷಯದಲ್ಲಿ ಸುಳ್ಳು ಹೇಳಿದ್ದನ್ನು ನಾನಂತೂ ಅಲ್ಲಿಯತನಕ ಕಂಡಿರಲಿಲ್ಲ.

"ಎಡಕ್ಕೆ ಬಿತ್ತು ಯಜಮಾನ್ರೆ," ಎಂದ. "ಕರ್ಕಂಡ್ ಹೋಗಿ."

ಚನ್ನವೀರಪ್ಪ ಹೋದಮೇಲೆ ಕೆಂಚಪ್ಪ ಅಮ್ಮನ ಮುಂದೆ ನಿಂತು ಎರಡೂ ಕೆನ್ನೆಗೆ ತಟ್ಟಿಕೊಂಡ. ಆ ರಾತ್ರಿ ಅವನು ಊಟ ಮಾಡಲಿಲ್ಲವೆಂದು ಅವನ ಹೆಂಡತಿ ಮಾರನೆಯ ದಿನ ಗೊಣಗುತ್ತಿದ್ದಳು.

ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಆಕೆ ಮಡಿಲಕ್ಕಿ ತಂದು, ಎಡಕ್ಕೆ ಕೊಟ್ಟೆಯಲ್ಲ ತಾಯಿ ಎಂದು ಕಣ್ಣೀರಿಟ್ಟಳು. ಕೆಂಚಪ್ಪ ತಲೆ ಎತ್ತಲಿಲ್ಲ. ಮುಂದೆ ಹಾಕಿದರೂ ನಡೆಯುತ್ತದೆ ಎಂದು ಅಮ್ಮ ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಅದು ಗೊತ್ತಾಗಿದ್ದು ಮಾಡಿಸಿದ ಮೇಲೆ. ನನಗಂತೂ ಈ ಲೆಕ್ಕ ಇವತ್ತಿಗೂ ತಲೆಗೆ ಹತ್ತಿಲ್ಲ.

ಈಗ ನನಗೆ ವಯಸ್ಸಾಗಿದೆ. ಕುತ್ತಿಗೆಯ ಚಕ್ರ ಸವೆದು ತಲೆ ಒಂದೇ ಕಡೆ ನಿಂತಿದೆ. ಗುಡಿಗೆ ಹೊಸ ಫ್ಯಾನು ಬಂತು, ನಾನು ಪಾತ್ರೆ ಕೋಣೆಯ ಬಾಗಿಲ ಸಂದಿಗೆ ಬಂದೆ. ಜೀವಮಾನದಲ್ಲಿ ಮೊದಲ ಸಲ ಒಂದೇ ಮುಖವನ್ನು ಬೇಕಾದಷ್ಟು ಹೊತ್ತು ನೋಡುತ್ತೇನೆ.

ಮೊನ್ನೆ ಸರ್ವಮಂಗಳಾ ಬಂದಳು. ಮತ್ತೆ ಆರು ತಿಂಗಳಾಗಿತ್ತು. ತುಟಿ ಒಣಗಿತ್ತು. ಕೆಂಚಪ್ಪ ಮುಖ ಸಣ್ಣಗೆ ಮಾಡಿಕೊಂಡು ಹೂವಿಗೆ ಕೈ ಹಾಕಿದ.

"ಪ್ರಸಾದ ಬೇಡ ಪೂಜಾರಪ್ಪ," ಎಂದಳು. "ನಾಳೆ ಹೋಗ್ತಿದೀನಿ. ಭಯ ಆಗ್ತೈತೆ. ಒಂದ್ಗಳಿಗೆ ಕೂತ್ಕೊಂಡು ಹೋಗ್ತೀನಿ."